ಕುಲಜವ್ಯಾಧಿವಿಚಾರವೂ ಅರ್ಬುದದ ಬೀಜಪರೀಕ್ಷೆಯೂ

ವ್ಯಾಧಿಗಳನ್ನು ಏಳು ವರ್ಗವಾಗಿ ವಿಂಗಡಿಸುವ ಸುಶ್ರುತನು ಅವುಗಳಲ್ಲಿ ಮೊದಲನೆಯದನ್ನು ಆದಿಬಲಪ್ರವೃತ್ತವೆಂದು ಕರೆದಿರುವನು. ಶುಕ್ರಶೋಣಿತಗಳ ದೋಷದಿಂದ ಹುಟ್ಟಿ, ಮಾತೃಜ ಪಿತೃಜವೆಂದು ಇಬ್ಬಗೆಯಾಗುವ ಈ ವರ್ಗಕ್ಕೆ ಆತನು ಕೊಡುವ ನಿದರ್ಶನಗಳು ಕುಷ್ಠ, ಅರ್ಶಸ್ಸು ಮೊದಲಾದವು. ಅರ್ಬುದದ ಹೆಸರು ಅಲ್ಲಿಲ್ಲ. ನಿದಾನಸ್ಥಾನದಲ್ಲಿ ಅದನ್ನು ದುಂಡಾಗಿ, ಅಲುಗದೆ, ಆಳವಾಗಿ ಬೇರೂರಿ, ಮೆಲ್ಲನೆ ಬೆಳೆಯುವ, ಪಾಕಗೊಳ್ಳದ ಗಂಟೆಂದು ಸೂಕ್ಷ್ಮವಾಗಿ ವರ್ಣಿಸುವಾಗಲೂ ವಂಶದ ಮಾತು ಬಂದಿಲ್ಲ. ಚರಕನಾದರೋ ಬೀಜ, ಬೀಜಭಾಗ, ಬೀಜಭಾಗಾವಯವಗಳ ದೋಷವನ್ನು ಹೇಳಿ, ಕುಲಜವಿಕಾರಗಳನ್ನು ಅಸಾಧ್ಯವೆಂದಿರುವನು. ಬೀಜಭಾಗಾವಯವವೇ ಇಂದಿನ ಜೀನು ಎಂದು ಘೋಷಿಸುವವರುಂಟು. ಶಬ್ದಸಾಮ್ಯದಿಂದ ಸಿದ್ಧಾಂತಸಾಮ್ಯವನ್ನು ಸಾಧಿಸುವ ಈ ಉತ್ಸಾಹದಿಂದ ಚರಕನ ಗೌರವವೇನೂ ಹೆಚ್ಚದು.

ಇದಕ್ಕಿಂತ ಜನಜೀವನದಲ್ಲಿ ಬಲವಾಗಿ ನಿಂತದ್ದು ಧರ್ಮಶಾಸ್ತ್ರದ ಮಾತು. ಗೋಧನಧಾನ್ಯಗಳಿಂದ ಸಮೃದ್ಧವಾಗಿದ್ದರೂ ವಿವಾಹದಲ್ಲಿ ವರ್ಜಿಸತಕ್ಕ ಹತ್ತು ಕುಲಗಳನ್ನು ಮನುಸ್ಮೃತಿಯ ತೃತೀಯಾಧ್ಯಾಯವು ಎಣಿಸುವುದಷ್ಟೆ. ಅವುಗಳಲ್ಲಿ ಅರ್ಶಸ್ಸು, ಕ್ಷಯ, ಅಗ್ನಿಮಾಂದ್ಯ, ಅಪಸ್ಮಾರ, ಶ್ವಿತ್ರ, ಕುಷ್ಠಗಳ ಮನೆತನಗಳೇ ಆರು. ಇಲ್ಲಿ ದೋಷವು ಕುಲದ್ದು. ಆ ಮನೆಯ ನಿರೋಗಿಯಾದ ಕನ್ಯೆಯೂ ತ್ಯಾಜ್ಯಳೇ. ಮಗಳ ಸಂಬಂಧ ಕೂಡುವವರೆಗೆ ತಾಯಿಯು ತನ್ನ ಎದೆಯ ಗಂಟನ್ನು ಬಾಯಿಬಿಟ್ಟು ಹೇಳದಿರುವುದಾದರೆ, ಅದಕ್ಕೆ ಕಾರಣ ಈ ನ್ಯಾಯದ ಭಯ.

ಪಾರಿಸ್ಸಿನ ವೈದ್ಯ ಪಾಲ್ ಬ್ರೋಕಾ 1866ರಲ್ಲಿ ತನ್ನ ಪತ್ನಿಯ ವಂಶದಲ್ಲಿ ಸ್ತನಾರ್ಬುದವು ತಲೆಮಾರುಗಳುದ್ದಕ್ಕೂ ಮರುಕಳಿಸಿದುದನ್ನು ಪ್ರಕಟಿಸಿದನು. ಅದರ ಬೀಜವು 17ನೆಯ ವರ್ಣತಂತುವಿನಲ್ಲಿದೆಯೆಂದು ಮೇರಿ ಕ್ಲೇರ್ ಕಿಂಗ್ ತೋರಿಸಿದುದು 1990ರಲ್ಲಿ. ಬಿಆರ್‌ಸಿಎ 1 ಎಂಬ ಜೀನು 1994ರಲ್ಲಿಯೂ, ಬಿಆರ್‌ಸಿಎ 2 ಮರುವರ್ಷವೂ ಕೈಗೆ ಸಿಕ್ಕಿದವು. ಸ್ತನಾರ್ಬುದಗಳಲ್ಲಿ ವಂಶಾಗತವಾದವು ನೂರಕ್ಕೆ ಐದರಿಂದ ಹತ್ತು ಮಾತ್ರ. ಆದರೆ ಈ ಜೀನುಗಳ ದೋಷವನ್ನು ಹೊತ್ತ ಸ್ತ್ರೀಯರಲ್ಲಿ ನೂರಕ್ಕೆ ಸುಮಾರು 70 ಮಂದಿಗೆ 80 ವರ್ಷದೊಳಗೆ ರೋಗ ಬರುವುದು.

ಹಿಂದೆ ಕಾನಕಾನಹಳ್ಳಿಯೆನಿಸಿದ್ದ ಕನಕಪುರವು ರೇಷ್ಮೆಯ ಸೀಮೆ. ಮೊಟ್ಟೆಯಿಟ್ಟ ತಾಯಿಚಿಟ್ಟೆಯನ್ನು ಅರೆದು ಸೂಕ್ಷ್ಮದರ್ಶಕದಲ್ಲಿ ನೋಡಿ, ಗಂಟುರೋಗದ ಕಣ ಕಂಡರೆ ಆ ಮೊಟ್ಟೆಗಳನ್ನೆಲ್ಲ ನಾಶಮಾಡುವ ಪಾಸ್ಚರನ ಕ್ರಮವು ಬಿತ್ತನೆಯ ಕಸಬಿನವರಿಗೆ ಹೊಸದಲ್ಲ. (ಅದು ಅಂಟುರೋಗ, ಬೀಜದೋಷವಲ್ಲ.) ಅಲ್ಲಿ ನಡೆಯುವುದು ಮನುವಿನ ನ್ಯಾಯವೇ: ತಾಯಿಯ ದೋಷಕ್ಕೆ ಸಂತಾನವೆಲ್ಲ ತ್ಯಾಜ್ಯ. ಅರ್ಬುದದ ಬೀಜಪರೀಕ್ಷೆಯು ಇದಕ್ಕೆ ನೇರ ವಿರುದ್ಧ. ಮೊದಲು ರೋಗಿಯ ರಕ್ತದಲ್ಲಿ ದೋಷವನ್ನು ಗುರುತಿಸಿ, ಅದೇ ದೋಷವನ್ನು ಒಡಹುಟ್ಟಿದವರಲ್ಲಿಯೂ ಪ್ರಾಪ್ತವಯಸ್ಕರಾದ ಮಕ್ಕಳಲ್ಲಿಯೂ ಒಬ್ಬೊಬ್ಬರಾಗಿ ಹುಡುಕುವರು. ಪ್ರತಿಯೊಂದು ಮಗುವಿಗೂ ಅದು ಬರುವ ಸಂಭವ ಅರ್ಧ, ಬಾರದಿರುವ ಸಂಭವ ಅರ್ಧ. ಬಾರದವಳು ಆ ಕುಲದೋಷದಿಂದ ಮುಕ್ತಳು. ಅವಳ ಮಕ್ಕಳಿಗೆ ಅವಳಿಂದ ಅದು ಇಳಿಯದು. ಬಂದವಳಿಗೂ ಚರಕನ ಅಸಾಧ್ಯಶಬ್ದವು ಸಲ್ಲದು: ವರ್ಷವರ್ಷದ ತಪಾಸಣೆಯುಂಟು, ಹೆತ್ತು ಮುಗಿಸಿದ ಬಳಿಕ ಅಂಡಾಶಯವನ್ನು ತೆಗೆಸುವ ಶಸ್ತ್ರೋಪಾಯವುಂಟು.

ಬೆಂಗಳೂರಿನಲ್ಲಿ ಕಿದ್ವಾಯಿ ಅರ್ಬುದಚಿಕಿತ್ಸಾಲಯವು 1973ರಲ್ಲಿ ಸ್ಥಾಪಿತವಾಯಿತು. ಬೀಜಪರೀಕ್ಷೆಯ ಪ್ರಯೋಗಶಾಲೆಗಳೂ ಈಗ ಆ ನಗರದಲ್ಲಿವೆ. ಆದರೆ ವಂಶವೃತ್ತಾಂತವನ್ನು ಕೇಳುವಲ್ಲಿ ಒಂದು ಲೋಪವು ಸುಲಭ. ಸ್ತ್ರೀಯರ ರೋಗವೆಂದು ತಾಯಿಯ ಕಡೆಯನ್ನಷ್ಟೇ ವಿಚಾರಿಸಿದರೆ ಸಾಲದು. ತಾನು ಸ್ವಸ್ಥನಾಗಿದ್ದೇ ತಂದೆಯು ಮಗಳಿಗೆ ದೋಷವನ್ನು ದಾಟಿಸಬಲ್ಲನಾದುದರಿಂದ ಸೋದರತ್ತೆಯರ ವೃತ್ತಾಂತವೂ ಬೇಕು. ಸುಶ್ರುತನ ಪಿತೃಜವೆಂಬ ವಿಭಾಗಕ್ಕೆ ಇಲ್ಲಿ ಸಾರ್ಥಕ್ಯವುಂಟು. ಸೋದರಮಾವನಿಗೆ ಹೆಣ್ಣು ಕೊಡುವ ಬಳಕೆಯಿರುವ ಈ ನಾಡಿನಲ್ಲಿ ಎರಡು ಕಡೆಗಳೂ ಒಂದೇ ಆಗಿರುವುದುಂಟು. ಹಾಗೆ ತಾಯಿತಂದೆಗಳಿಬ್ಬರಿಂದಲೂ ಬಿಆರ್‌ಸಿಎ 2ರ ದೋಷವನ್ನು ಪಡೆದ ಶಿಶುವಿಗೆ ಎಳವೆಯಲ್ಲಿಯೇ ಫಾಂಕೋನಿ ಎಂಬ ಘೋರವಾದ ರಕ್ತಕ್ಷಯವು ತಗುಲುವುದು.