ಫ್ಲಾಪಿಯ ಕೆಟ್ಟ ಮನೆಗಳು

ತಿರುವನಂತಪುರದ ಹಿರಿಯ ಮಿತ್ರರೊಬ್ಬರು ಕೊಚ್ಚಿಯ ನಮ್ಮ ಮನೆಗೆ ಬಂದಾಗ, ತಾವು ಬರೆದ ಕನ್ನಡ ನಾಟಕವಿದ್ದ ಫ್ಲಾಪಿಯೊಂದನ್ನು ನನ್ನ ಕೈಗಿತ್ತರು. ಬೇರೆ ಪ್ರತಿಯಿಲ್ಲ. ಗಣಕಕ್ಕೆ ಹಾಕಿದೊಡನೆ ಅದು, ‘ಫಾರ್ಮ್ಯಾಟ್ ಮಾಡಲೇ?’ ಎಂದು ಕೇಳಿತು. ಬೇಡವೆಂದೆ. ಏಕೆಂಬುದಕ್ಕೆ ಫ್ಲಾಪಿಯ ಚರಿತ್ರೆಯನ್ನು ಕೊಂಚ ನೋಡಬೇಕು.

8 ಅಂಗುಲದ ಫ್ಲಾಪಿಯನ್ನು 1971ರಲ್ಲಿ ಐ.ಬಿ.ಎಂ. ಸಂಸ್ಥೆ ಹೊರತಂದಿತು. ನಾವು ಬಲ್ಲ ಮೂರೂವರೆ ಅಂಗುಲದ್ದರಲ್ಲಿ ಎರಡು ಮುಖ, ಮುಖಕ್ಕೆ 80 ಸುತ್ತು, ಸುತ್ತಿಗೆ 18 ಸೆಕ್ಟರು. ಎಂದರೆ 2880 ಮನೆಗಳು, ಮನೆಗೆ 512 ಬೈಟು. ಕಾಂತಲೇಪಕ್ಕೆ ಗೀರು ಬಿದ್ದರೆ, ಬೂಷ್ಟು ಹಿಡಿದರೆ ಆ ಮನೆ ಕೆಟ್ಟಿತು. ಈ ಕರಾವಳಿಯ ಮಳೆಗಾಲದಲ್ಲಿ ಬೂಷ್ಟಿಗೇನು ಬರ!

ಲೆಡ್ಜರಿನ ಹಾಳೆ ಕೆಟ್ಟರೆ ನಾವು ಗುಮಾಸ್ತರು ಅದನ್ನು ಹರಿಯುವುದಿಲ್ಲ. ಪುಟಸಂಖ್ಯೆ ಉಳಿಸಿ, ಅಡ್ಡಗೆರೆಯೆಳೆದು ‘ರದ್ದು’ ಎಂದು ಬರೆಯುತ್ತೇವೆ. ಡಾಸ್ ಮಾಡುತ್ತಿದ್ದುದೂ ಇದನ್ನೇ. ಫಾರ್ಮ್ಯಾಟ್ ಆಜ್ಞೆ ಸುತ್ತು ಸುತ್ತನ್ನೂ ಹೊಸದಾಗಿ ಬರೆದು, ಮರಳಿ ಓದಿ ನೋಡುತ್ತಿತ್ತು. ಓದಲಾಗದ ಮನೆಗೆ ಫ್ಯಾಟ್ ಎಂಬ ಸೂಚಿಯಲ್ಲಿ ಗುರುತು ಹಾಕುತ್ತಿತ್ತು. ಅನಂತರ ಯಾವ ಕಡತವನ್ನೂ ಅಲ್ಲಿಡುತ್ತಿರಲಿಲ್ಲ. ಮೈಕ್ರೋಸಾಫ್ಟಿನ ಮಾರ್ಕ್ ಮೆಕ್‌ಡೊನಾಲ್ಡ್ 1977ರಲ್ಲಿ ರೂಪಿಸಿದ್ದು ಈ ಸೂಚಿ. ಅದಿರುವ ಮೊದಲ ಸುತ್ತೇ ಕೆಟ್ಟರೆ ಮಾತ್ರ ಫ್ಲಾಪಿಯನ್ನೇ ನಿರುಪಯುಕ್ತವೆಂದು ಬಿಡುತ್ತಿತ್ತು. ‘ಕ್ವಿಕ್ ಫಾರ್ಮ್ಯಾಟ್’ ಈ ತಪಾಸಣೆಯನ್ನೇ ಮಾಡದು. ಅವಸರದ ಗುಮಾಸ್ತನ ಜಾತಿ.

ಫಾರ್ಮ್ಯಾಟ್ ಫ್ಲಾಪಿಯನ್ನು ಉಳಿಸೀತು, ಬರಹವನ್ನು ಉಳಿಸದು. ಆದ್ದರಿಂದ ಲಿನಕ್ಸಿನಲ್ಲಿ ಸೆಕ್ಟರು ಸೆಕ್ಟರಾಗಿ, ಓದಿಸಿದಷ್ಟನ್ನು ನಕಲು ಮಾಡಿಕೊಂಡೆವು. ಎರಡನೆಯ ಅಂಕದ ನಡುವೆ ಮಾತು ಕಡಿದಿದೆ. ಅಲ್ಲಿಯ ಸಂಭಾಷಣೆಯನ್ನು ಹಿರಿಯರು ಈಗ ನೆನಪಿನಿಂದ ಬರೆಯುತ್ತಿದ್ದಾರೆ.