ಟೇಪ್ ಡ್ರೈವ್: ಯುನಿಕ್ಸ್ ಯಂತ್ರದಲ್ಲಿ ಬ್ಯಾಕಪ್‌ಗೆ ಅಣಿಮಾಡುವ ಬಗೆ

ನಾಗಮಂಗಲ ತಾಲ್ಲೂಕಿನ ಹೊಣಕೆರೆ ಹೋಬಳಿಯ ರೈತನ ಪಹಣಿ ಒಂದು ಕಾಲಕ್ಕೆ ಗ್ರಾಮ ಲೆಕ್ಕಿಗರ ಕೈಬರಹದಲ್ಲಿತ್ತು. 'ಭೂಮಿ' ಯೋಜನೆಯಡಿ ರಾಜ್ಯದ ಸುಮಾರು 2 ಕೋಟಿ ಪಹಣಿಗಳು ಕಂಪ್ಯೂಟರಿಗೆ ಏರಿದವು. ಗೆದ್ದಲು, ಮಳೆನೀರಿನ ಭಯ ಹೋಗಿ ಡಿಸ್ಕ್ ಕೈಕೊಡುವ, ಯಾರೋ ಕೈತಪ್ಪಿ ಅಳಿಸುವ ಭಯ ಬಂತು. ಇಷ್ಟು ದೊಡ್ಡ ದತ್ತಾಂಶ ಇರುವ ಕಡೆ, ಯಂತ್ರದಿಂದ ಹೊರತೆಗೆದು ಬೀರುವಿನಲ್ಲಿಡಬಹುದಾದ ಒಂದು ಪ್ರತಿ ಇರಲೇಬೇಕು. ಅದಕ್ಕೆ ಟೇಪ್ ಇಂದಿಗೂ ಒಳ್ಳೆಯ ಸಾಧನ.

ಹಿನ್ನೆಲೆ

1979ರ ಯುನಿಕ್ಸ್ ಏಳನೇ ಆವೃತ್ತಿಯಲ್ಲಿ ಬಂದ 'ಟಾರ್' ಕಮಾಂಡ್ ಹುಟ್ಟಿದ್ದೇ ಟೇಪಿಗಾಗಿ. ನಮ್ಮ ಬ್ಯಾಂಕ್ ಶಾಖೆಗಳಿಗೆ ಯುನಿಕ್ಸ್ ಕಾಲಿಟ್ಟ ದಿನಗಳಲ್ಲಿ ದಿನದ ವಹಿವಾಟು ಮುಗಿದ ಮೇಲೆ ಕಾರ್ಟ್ರಿಜ್‌ಗೆ ಬ್ಯಾಕಪ್ ತೆಗೆಯುವುದು ವಾಡಿಕೆಯ ಕೆಲಸವಾಗಿತ್ತು. 2000ದಲ್ಲಿ ಬಂದ ಎಲ್‌ಟಿಒ ಮಾದರಿ ಟೇಪಿನ ಮೊದಲ ಪೀಳಿಗೆಯ ಕಾರ್ಟ್ರಿಜ್ 100 ಜಿಬಿ ಹಿಡಿಸುತ್ತಿತ್ತು. ಒಂಬತ್ತನೆಯದು 18 ಟಿಬಿ ಹಿಡಿಸುತ್ತದೆ. ಪೆಟ್ಟಿಗೆಯ ಮೇಲೆ ಮುದ್ರಿಸುವ ಎರಡೂವರೆ ಪಟ್ಟು ಅಂಕಿಯನ್ನು ನಂಬಬೇಡಿ. ಅದು ಕಂಪ್ರೆಸ್ ಆಗುವ ಕಡತಗಳ ಲೆಕ್ಕ. ಫೋಟೊ, ಸ್ಕ್ಯಾನ್ ಪ್ರತಿಗಳು ಅಷ್ಟು ಕುಗ್ಗುವುದಿಲ್ಲ.

2011ರ ಫೆಬ್ರುವರಿಯಲ್ಲಿ ತಂತ್ರಾಂಶದ ದೋಷದಿಂದ ಕೆಲವು ಜಿಮೇಲ್ ಖಾತೆಗಳು ಬರಿದಾದಾಗ ಗೂಗಲ್ ಅವುಗಳನ್ನು ಮರಳಿ ಪಡೆದದ್ದು ಟೇಪಿನಿಂದಲೇ.

ಜೋಡಣೆ

ಇಂದಿನ ಡ್ರೈವ್‌ಗಳು ಹೆಚ್ಚಾಗಿ ಎಸ್‌ಎಎಸ್ ಕೇಬಲ್ಲಿನವು. ಇವಕ್ಕೆ ಸಾದಾ ಎಚ್‌ಬಿಎ ಕಾರ್ಡ್ ಬೇಕು. ಅನೇಕ ರೇಡ್ ಕಾರ್ಡ್‌ಗಳು ಟೇಪನ್ನು ಗುರುತಿಸುವುದಿಲ್ಲ. ಯಂತ್ರ ಚಾಲೂ ಆದ ಮೇಲೆ ಲಿನಕ್ಸ್‌ನಲ್ಲಿ 'ಎಲ್‌ಎಸ್‌ಎಸ್‌ಸಿಎಸ್‌ಐ' ಕೊಟ್ಟು ಡ್ರೈವ್ ಕಾಣುತ್ತದೆಯೇ ನೋಡಿ. ಕಾಣದಿದ್ದರೆ ತಂತ್ರಾಂಶ ತಿದ್ದಲು ಹೊರಡುವ ಮೊದಲು ಕೇಬಲ್, ಕಾರ್ಡ್ ಪರೀಕ್ಷಿಸಿ. ಕಂಡರೆ 'ಎಂಟಿ' ಕಮಾಂಡಿನ 'ಸ್ಟೇಟಸ್' ಕೇಳಿ. ಹಳೆಯ ಕಾರ್ಟ್ರಿಜ್ ಓದಿಸಬೇಕಿದ್ದರೆ ಪೀಳಿಗೆ ಹೊಂದುತ್ತದೆಯೇ ಎಂದು ಮೊದಲೇ ತಿಳಿದುಕೊಳ್ಳಿ: ಎಲ್‌ಟಿಒ ಏಳನೇ ಪೀಳಿಗೆಯವರೆಗಿನ ಡ್ರೈವ್ ಎರಡು ಪೀಳಿಗೆ ಹಿಂದಿನದನ್ನೂ ಓದುತ್ತದೆ, ಎಂಟನೆಯದು ಏಳನೆಯದನ್ನಷ್ಟೇ.

ಒಂದು 'ಎನ್' ಅಕ್ಷರ

ಒಂದೇ ಡ್ರೈವಿಗೆ ಲಿನಕ್ಸ್ 'ಎಸ್‌ಟಿ0', 'ಎನ್‌ಎಸ್‌ಟಿ0' ಎಂಬ ಎರಡು ಹೆಸರು ಕೊಡುತ್ತದೆ. ಫ್ರೀಬಿಎಸ್‌ಡಿಯಲ್ಲಿ 'ಎಸ್‌ಎ0', 'ಎನ್‌ಎಸ್‌ಎ0'. ಮೊದಲನೆಯದಕ್ಕೆ ಬರೆದರೆ ಕೆಲಸ ಮುಗಿದೊಡನೆ ಟೇಪ್ ತಾನೇ ಆರಂಭಕ್ಕೆ ಸುತ್ತಿಕೊಳ್ಳುತ್ತದೆ. ಸೋಮವಾರದ ಬ್ಯಾಕಪ್ ಹೀಗೆ ಬರೆದು, ಅದೇ ಕಾರ್ಟ್ರಿಜ್‌ಗೆ ಮಂಗಳವಾರದ್ದನ್ನೂ ಹಾಕಿದರೆ ಸೋಮವಾರದ್ದು ಹೋಯಿತು! ಎಚ್ಚರಿಕೆಯ ಒಂದು ಸಾಲೂ ಬರುವುದಿಲ್ಲ. 'ಎನ್' ಇರುವ ಹೆಸರು ಬಳಸಿದರೆ ಟೇಪ್ ನಿಂತಲ್ಲೇ ನಿಲ್ಲುತ್ತದೆ, ಮುಂದಿನದು ಅದರ ಪಕ್ಕಕ್ಕೆ ಕೂರುತ್ತದೆ. ಆಮೇಲೆ ಎರಡನೆಯದು ಬೇಕಾದಾಗ ಆರಂಭಕ್ಕೆ ಸುತ್ತಿಸಿ, 'ಎಂಟಿ ಎಫ್‌ಎಸ್‌ಎಫ್ 1' ಎಂದರೆ ಮೊದಲ ಬ್ಯಾಕಪ್ಪಿನ ಕೊನೆಯ ಗುರುತು ದಾಟಿ ಅದರ ಮುಂದೆ ನಿಲ್ಲುತ್ತದೆ.

ಬ್ಲಾಕು ಮತ್ತು ವೇಗ

ಟಾರ್ ತಾನಾಗಿ 10,240 ಬೈಟ್‌ಗಳ ಬ್ಲಾಕು ಬರೆಯುತ್ತದೆ. ಇಂದಿನ ಡ್ರೈವಿಗೆ ಇದು ತೀರಾ ಸಣ್ಣದು. 'ಬಿ 512' ಎಂದರೆ 256 ಕೆಬಿ ಆಗುತ್ತದೆ. ಈ ಅಂಕಿಯನ್ನು ಕಾರ್ಟ್ರಿಜ್ ಚೀಟಿಯ ಮೇಲೆ ಬರೆದಿಡಿ. ಸಣ್ಣ ಬ್ಲಾಕು ಕೊಟ್ಟು ಓದಲು ಹೋದರೆ ಲಿನಕ್ಸ್ 'ಕ್ಯಾನಾಟ್ ಅಲೊಕೇಟ್ ಮೆಮೊರಿ' ಎನ್ನುತ್ತದೆ. ಹೊಸಬರು ಆಗ ಮೆಮೊರಿ ಸಾಲದೆಂದು ರ‍್ಯಾಮ್ ಹುಡುಕಿಕೊಂಡು ಹೋಗುತ್ತಾರೆ. ಸಾಲದಿರುವುದು ಬ್ಲಾಕಿನ ಅಳತೆಯಷ್ಟೇ.

ದತ್ತಾಂಶ ನಿಧಾನವಾಗಿ ಬಂದರೆ ಟೇಪ್ ನಿಂತು, ಹಿಂದೆ ಸರಿದು, ಮತ್ತೆ ಓಡುತ್ತದೆ. ಇದರಿಂದ ಹೆಡ್ಡೂ ಸವೆಯುತ್ತದೆ, ಟೇಪೂ ಸವೆಯುತ್ತದೆ. ಸಾವಿರಾರು ಸಣ್ಣ ಕಡತಗಳಿದ್ದರೆ ನಡುವೆ 'ಎಂಬಫರ್' ಎಂಬ ತಂತ್ರಾಂಶ ಇಟ್ಟು, ಒಂದಷ್ಟು ತುಂಬಿಸಿಕೊಂಡು ಒಮ್ಮೆಗೇ ಹರಿಸುವುದು ಲೇಸು.

ಓದಿ ನೋಡುವುದು

ಬರೆದದ್ದು ಸರಿಯಿದೆಯೇ ಎಂದು ತಿಳಿಯಲು ಟಾರ್‌ನ 'ಟಿ' ಆಯ್ಕೆ ಪಟ್ಟಿ ಕೊಡುತ್ತದೆ, ಗ್ನೂ ಟಾರ್‌ನ 'ಡಿ' ಆಯ್ಕೆ ಡಿಸ್ಕಿನ ಕಡತಕ್ಕೆ ಹೋಲಿಸುತ್ತದೆ. ಪಟ್ಟಿ ಬಂದರೆ ಸಾಲದು. ತಿಂಗಳಿಗೊಮ್ಮೆಯಾದರೂ ಒಂದು ಕಡತವನ್ನು ಬೇರೆ ಡ್ರೈವಿನಲ್ಲಿ, ಬೇರೆ ಡೈರೆಕ್ಟರಿಗೆ ವಾಪಸ್ ಪಡೆದು ತೆರೆದು ನೋಡಿ. ಕಾರ್ಟ್ರಿಜ್‌ಗಳನ್ನು ಸರ್ವರ್ ಇರುವ ಕೊಠಡಿಯಲ್ಲೇ ಇಡಬೇಡಿ.