ಸೂರಿಲ್ಲದವರಿಗೆ ಸೂರು: ಶಿವಮೊಗ್ಗ ಮತ್ತು ಭದ್ರಾವತಿ

ಶಿವಮೊಗ್ಗ ಸೀಮೆಯಲ್ಲಿ ರಾತ್ರಿ ಮಲಗಲು ಜಾಗವಿಲ್ಲದವರಿಗೆ ಸೂರು ಒದಗಿಸುವ ಏರ್ಪಾಡುಗಳು ಹಳೆಯವು. ಗುಡಿಯ ಜಗಲಿ, ಮಠ, ಛತ್ರ, ತೋಟದ ಬಿಡಾರ, ಕಾರ್ಖಾನೆಯ ಕ್ವಾರ್ಟರ್ಸ್, ಆಶ್ರಯ ನಿವೇಶನ ಎಲ್ಲವೂ ಒಂದೊಂದು ಕಾಲದಲ್ಲಿ ಆ ಕೆಲಸ ಮಾಡಿವೆ. ಇವುಗಳಲ್ಲಿ ಯಾವುದೂ ಬರೀ ಮನೆಯಿಲ್ಲ ಎಂಬ ಕಾರಣಕ್ಕೆ ಸಿಗುತ್ತಿರಲಿಲ್ಲ. ಯಾತ್ರಿಕನಿಗೆ ಛತ್ರ, ಆಳಿಗೆ ಬಿಡಾರ, ನೌಕರನಿಗೆ ಕ್ವಾರ್ಟರ್ಸ್, ಓದುವ ಹುಡುಗನಿಗೆ ಮಠದ ಪ್ರಸಾದ ನಿಲಯ. ಈ ಯಾವ ಲೆಕ್ಕಕ್ಕೂ ಸೇರದವರಿಗೆ ಲಕ್ಷ ಜನಸಂಖ್ಯೆಗೊಂದರಂತೆ ಆಶ್ರಯ ಕೇಂದ್ರ ಕಟ್ಟುವ ಸರ್ಕಾರದ ಯೋಜನೆ ಬಂದದ್ದು ತೀರ ಈಚೆಗೆ, 2013ರಲ್ಲಿ. ಅದಕ್ಕೆ ಕಾರಣವಾದದ್ದು ಮಲೆನಾಡಿನ ಚಳಿಯಲ್ಲ, ದೆಹಲಿಯ ಚಳಿ.

ಹವಾಮಾನದ ಮಾತು ಇಲ್ಲಿ ಮುಖ್ಯ. ಡಿಸೆಂಬರ್, ಜನವರಿಯಲ್ಲಿ ಶಿವಮೊಗ್ಗದ ಬೆಳಗಿನ ಜಾವ ಉಷ್ಣಾಂಶ 15 ಡಿಗ್ರಿಯ ಆಸುಪಾಸಿಗೆ ಇಳಿಯುತ್ತದೆ. ಬಯಲಲ್ಲಿ ಮಲಗುವ ಮುದುಕರಿಗೆ, ಕಾಯಿಲೆಯವರಿಗೆ, ಕೂಸುಗಳಿಗೆ ಇಷ್ಟೇ ಸಾಕಷ್ಟು ಕಷ್ಟ. ಆದರೆ ದುಡಿಯುವ ಬಡವರ ಪಾಲಿಗೆ ಮಾಗಿಯ ಕಾಲ ಅಷ್ಟು ಕೆಟ್ಟದ್ದಲ್ಲ. ಅಡಿಕೆ ಕೊಯ್ಲು ನಡೆಯುವುದು ಆಗಲೇ. ಸುಲಿಯುವವರು ಮಧ್ಯರಾತ್ರಿಯವರೆಗೂ ಚಪ್ಪರದಡಿ ಕೂತು ಕತ್ತಿಮಣೆಯ ಮೇಲೆ ಸುಲಿಯುತ್ತಾರೆ, ಪಕ್ಕದಲ್ಲೇ ಅಡಿಕೆ ಬೇಯುವ ಹಂಡೆಯ ಒಲೆ ಉರಿಯುತ್ತಿರುತ್ತದೆ. ಕೂಲಿ, ಊಟ, ಮಲಗಲು ಒಂದು ಮೂಲೆ ಮೂರೂ ಒಟ್ಟಿಗೆ ಸಿಗುತ್ತವೆ. ಕೆಲಸ ನಿಂತು ಸೂರು ಸೋರುವ ಕಾಲವೆಂದರೆ ಆಷಾಢ, ಶ್ರಾವಣ. ಚಳಿಗೆ ಕಂಬಳಿ ಹೊದೆಯಬಹುದು. ತಿಂಗಳುಗಟ್ಟಲೆ ಹಿಡಿದ ಮಳೆಯಲ್ಲಿ ಕಂಬಳಿಯೇ ಒಣಗುವುದಿಲ್ಲ.

ಹಳೆಯ ವ್ಯವಸ್ಥೆಯ ಒಂದು ಕಣ್ಣಾರೆ ಕಂಡ ವಿವರ 1623ರದು. ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲೆ ಆ ವರ್ಷದ ನವೆಂಬರ್‌ನಲ್ಲಿ ಪೋರ್ಚುಗೀಸ್ ರಾಯಭಾರಿಯ ಜೊತೆ ಗೇರುಸೊಪ್ಪೆಯ ಕಡೆಯಿಂದ ಘಟ್ಟ ಹತ್ತಿ, ವೆಂಕಟಪ್ಪ ನಾಯಕನ ರಾಜಧಾನಿ ಇಕ್ಕೇರಿಗೆ ಬಂದ. ದಾರಿಯಲ್ಲಿ ಹೊರೆಯಾಳುಗಳಿಗಾಗಿ ಕಾಯುತ್ತ ಒಂದು ಗುಡಿಯ ಜಗಲಿಯಲ್ಲಿ ಕಾಲ ಕಳೆದ. ಅಲ್ಲಿ ಹುಡುಗರು ನೆಲದ ಮೇಲೆ ಮರಳು ಹರಡಿ, ಅದರಲ್ಲಿ ಬೆರಳಿನಿಂದ ಬರೆಯುತ್ತ, ರಾಗವಾಗಿ ಹೇಳಿಕೊಳ್ಳುತ್ತ ಲೆಕ್ಕ ಕಲಿಯುತ್ತಿದ್ದುದನ್ನು ಬರೆದಿಟ್ಟಿದ್ದಾನೆ. ಒಂದೇ ಜಗಲಿ ಹಗಲು ಸಾಲಿಮನೆ, ಹೊತ್ತು ಮುಳುಗಿದರೆ ಪರಸ್ಥಳದವರ ತಂಗುದಾಣ. ಕೆಳದಿಯ ಅರಸರು ವೀರಶೈವ ಮಠಗಳಿಗೆ ಧಾರಾಳವಾಗಿ ದತ್ತಿ ಬಿಟ್ಟರು. ಜಂಗಮರಿಗೂ ದಾರಿಹೋಕರಿಗೂ ಅಲ್ಲಿ ದಾಸೋಹ ನಡೆಯುತ್ತಿತ್ತು. ಈ ಔದಾರ್ಯಕ್ಕೆ ಜಾತಿಯ ಗೆರೆಯೂ ಇತ್ತೆಂಬುದನ್ನು ಮರೆಯುವಂತಿಲ್ಲ. ಗುಡಿಯ ಅಂಗಳಕ್ಕೇ ಪ್ರವೇಶವಿಲ್ಲದವರಿಗೆ ಜಗಲಿ ಎಲ್ಲಿಂದ ಸಿಗಬೇಕು?

ಮೈಸೂರು ಸಂಸ್ಥಾನದ ಆಡಳಿತದಲ್ಲಿ ಛತ್ರಗಳು ಮುಜರಾಯಿ ಇಲಾಖೆಯ ಮೇಲ್ವಿಚಾರಣೆಗೆ ಬಂದವು. 1927ರ ಧಾರ್ಮಿಕ ಮತ್ತು ಧರ್ಮಾದಾಯ ಸಂಸ್ಥೆಗಳ ಕಾಯಿದೆ ಈ ಮೇಲ್ವಿಚಾರಣೆಗೆ ಕಟ್ಟುಪಾಡು ಒದಗಿಸಿತು. ಛತ್ರದಲ್ಲಿ ಸಾಮಾನ್ಯವಾಗಿ ಮೂರು ದಿನ ತಂಗಬಹುದಿತ್ತು, ನಾಲ್ಕನೆಯ ದಿನ ಹೊರಡಬೇಕು. ಯಾತ್ರೆ ಹೊರಟವನಿಗೆ ಇದು ನ್ಯಾಯವಾದ ನಿಯಮ; ಹೋಗಲು ಊರೇ ಇಲ್ಲದವನಿಗೆ ಅಲ್ಲ. 1899ರಲ್ಲಿ ಬೀರೂರಿನಿಂದ ರೈಲು ಬಂದ ಮೇಲೆ ಶಿವಮೊಗ್ಗ ಘಟ್ಟದ ಸರಕಿನ ದೊಡ್ಡ ಪೇಟೆಯಾಯಿತು. ಅಡಿಕೆ ಮಂಡಿ, ಗಾಡಿ, ಹಮಾಲಿಗಳ ಜೊತೆಗೆ ನಗರದಲ್ಲಿ ದುಡಿದರೂ ನಗರದಲ್ಲಿ ಮನೆಯಿಲ್ಲದ ಜನ ಹುಟ್ಟಿಕೊಂಡರು.

ಭದ್ರಾವತಿಯ ಕಥೆ ಬೇರೆ. ಬೆಂಕಿಪುರವೆಂದು ಕರೆಸಿಕೊಳ್ಳುತ್ತಿದ್ದ ಆ ಪುಟ್ಟ ಊರಿನಲ್ಲಿ, ಸರ್ ಎಂ. ವಿಶ್ವೇಶ್ವರಯ್ಯನವರ ಒತ್ತಾಸೆಯಿಂದ 1918ರಲ್ಲಿ ಮೊದಲುಗೊಂಡ ಮೈಸೂರು ಕಬ್ಬಿಣದ ಕಾರ್ಖಾನೆ 1923ರಲ್ಲಿ ಉತ್ಪಾದನೆ ಶುರುಮಾಡಿತು. ಕಲ್ಲಿದ್ದಲಿಲ್ಲದ ಸೀಮೆಯಲ್ಲಿ ಕುಲುಮೆ ಉರಿಯಬೇಕಾದದ್ದು ಮಲೆನಾಡಿನ ಸೌದೆಯ ಇದ್ದಿಲಿನಿಂದ. ಹಾಗಾಗಿ ಕಾರ್ಖಾನೆಯ ಒಳಗಲ್ಲದೆ ಹೊರಗೂ ಜನ, ಕಾಡಿನಲ್ಲಿ, ಮರ ಕಡಿಯುವುದರಲ್ಲಿ, ಸಾಗಿಸುವುದರಲ್ಲಿ ದುಡಿಯಬೇಕಾಯಿತು. ತಮಿಳು ಸೀಮೆಯಿಂದ, ಆಂಧ್ರದಿಂದ, ಬಯಲುಸೀಮೆಯಿಂದ ಕುಟುಂಬಗಳು ಬಂದವು. 1930ರ ದಶಕದಲ್ಲಿ ಮೈಸೂರು ಕಾಗದದ ಕಾರ್ಖಾನೆಯೂ ಸೇರಿಕೊಂಡಿತು. ನ್ಯೂಟೌನ್ ಮತ್ತು ಪೇಪರ್ ಟೌನ್ ಎಂಬ ಎರಡು ಬಡಾವಣೆಗಳ ಹೆಸರಲ್ಲೇ ಈ ಚರಿತ್ರೆಯಿದೆ. ನೌಕರನ ದರ್ಜೆಗೆ ತಕ್ಕ ಮನೆ, ನಲ್ಲಿ ನೀರು, ದೀಪ, ಆಸ್ಪತ್ರೆ, ಶಾಲೆ. ಆಗಿನ ಸಂಸ್ಥಾನದ ಯಾವ ಧರ್ಮಕಾರ್ಯವೂ ಇಷ್ಟು ಜನಕ್ಕೆ ಇಷ್ಟು ಗಟ್ಟಿಯಾದ ಸೂರು ಕೊಟ್ಟಿರಲಾರದು.

ಆ ಸೂರಿನ ಕೀಲಿ ಮಾತ್ರ ಹಾಜರಿ ಪುಸ್ತಕದಲ್ಲಿತ್ತು. ಖಾಯಂ ನೌಕರನಿಗೆ ಮನೆ, ಗುತ್ತಿಗೆಯ ಕೂಲಿಗೆ ಇಲ್ಲ. ಕೆಲಸ ಹೋದರೆ, ನಿವೃತ್ತಿಯಾದರೆ, ಮನೆಯ ಯಜಮಾನ ತೀರಿಕೊಂಡರೆ ಕ್ವಾರ್ಟರ್ಸಿನ ಪ್ರಶ್ನೆ ಏಳುತ್ತಿತ್ತು. ಕಬ್ಬಿಣದ ಕಾರ್ಖಾನೆ 1976ರಲ್ಲಿ ವಿಶ್ವೇಶ್ವರಯ್ಯನವರ ಹೆಸರು ಪಡೆದು, 1998ರಲ್ಲಿ ಭಾರತೀಯ ಉಕ್ಕು ಪ್ರಾಧಿಕಾರದಲ್ಲಿ ವಿಲೀನವಾಯಿತು. ಕಾಗದದ ಕಾರ್ಖಾನೆ 2015ರ ಸುಮಾರಿಗೆ ಉತ್ಪಾದನೆ ನಿಲ್ಲಿಸಿತು. 2023ರ ಜನವರಿಯಲ್ಲಿ ಆ ಕಬ್ಬಿಣದ ಕಾರ್ಖಾನೆಯನ್ನೂ ಮುಚ್ಚುವ ತೀರ್ಮಾನ ಹೊರಬಿದ್ದು, ಗುತ್ತಿಗೆ ಕಾರ್ಮಿಕರು ಧರಣಿ ಕೂತರು. ಅದೇ ವರ್ಷ ಕೆಲವು ವಿಭಾಗ ಮತ್ತೆ ಚಾಲೂ ಆದವು. ಒಂದು ಇಡೀ ಊರಿನ ವಸತಿ ಒಂದೆರಡು ಕಾರ್ಖಾನೆಗಳ ಲೆಕ್ಕಪತ್ರಕ್ಕೆ ಗಂಟು ಬಿದ್ದರೆ ಏನಾಗುತ್ತದೆ ಎಂಬುದಕ್ಕೆ ಕರ್ನಾಟಕದಲ್ಲಿ ಕೋಲಾರದ ಚಿನ್ನದ ಗಣಿ ಬಿಟ್ಟರೆ ಭದ್ರಾವತಿಯಷ್ಟು ಸ್ಪಷ್ಟ ಉದಾಹರಣೆ ಕಡಿಮೆ.

ಹಳ್ಳಿಗಳಲ್ಲೂ ಸೂರು ದುಡಿಮೆಗೆ ಕಟ್ಟಿಹಾಕಿದ್ದೇ ಆಗಿತ್ತು. 1951ರಲ್ಲಿ ಗೇಣಿದಾರರು ನಡೆಸಿದ ಕಾಗೋಡು ಸತ್ಯಾಗ್ರಹದಲ್ಲಿ ಅವರ ಮೇಲೆ ಬಂದ ದೊಡ್ಡ ಪೆಟ್ಟು ಒಕ್ಕಲೆಬ್ಬಿಸುವಿಕೆ. 1974ರ ಭೂಸುಧಾರಣೆಯ ಬಗ್ಗೆ ಮಾತಾಡುವವರು ಗದ್ದೆಯ ಬಗ್ಗೆಯೇ ಹೆಚ್ಚು ಮಾತಾಡುತ್ತಾರೆ. ಇನ್ನೊಬ್ಬರ ಜಮೀನಿನಲ್ಲಿ ಗುಡಿಸಲು ಹಾಕಿಕೊಂಡಿದ್ದ ಕೃಷಿ ಕೂಲಿಗೆ ಆ ವಾಸದ ಜಾಗದ ಮೇಲೆ ಹಕ್ಕು ಕೊಡುವ ಕಲಮೂ ಅದೇ ಕಾಯಿದೆಯಲ್ಲಿದೆ. ಇಷ್ಟರ ನಡುವೆ, 1964ರ ಲಿಂಗನಮಕ್ಕಿ ಜಲಾಶಯ ಶರಾವತಿ ಕಣಿವೆಯ ಸಾವಿರಾರು ಮನೆಗಳನ್ನು ಮುಳುಗಿಸಿತು. ಮುಳುಗಡೆಯವರು ಶಿವಮೊಗ್ಗ, ಭದ್ರಾವತಿ ತಾಲ್ಲೂಕುಗಳ ಕಾಡಂಚಿಗೂ ಬಂದು ನೆಲೆಸಿದರು. ಹಲವರ ಜಮೀನಿನ ಹಕ್ಕುಪತ್ರದ ವ್ಯಾಜ್ಯ ಮೊಮ್ಮಕ್ಕಳ ಕಾಲಕ್ಕೂ ಬಗೆಹರಿದಿಲ್ಲ.

ನಿವೇಶನ ಹಂಚಿ ಮನೆ ಕಟ್ಟಿಸಿಕೊಡುವ ಆಶ್ರಯ ಯೋಜನೆ ಬಂದದ್ದು 1991–92ರಲ್ಲಿ, ಇದೇ ಜಿಲ್ಲೆಯ ಸೊರಬದ ಎಸ್. ಬಂಗಾರಪ್ಪ ಮುಖ್ಯಮಂತ್ರಿಯಾಗಿದ್ದಾಗ. ಶಿವಮೊಗ್ಗದ ಬೊಮ್ಮನಕಟ್ಟೆಯಂಥ ಕಡೆ ಆಶ್ರಯ ಬಡಾವಣೆಗಳು ಎದ್ದವು. ನೆಲೆ ತಪ್ಪದಂತೆ ತಡೆಯುವ ಕೆಲಸದಲ್ಲಿ ಇದು ದೊಡ್ಡ ಹೆಜ್ಜೆ. ಆದರೆ ನಿವೇಶನಕ್ಕೆ ಅರ್ಜಿ ಹಾಕಲು ಪಡಿತರ ಚೀಟಿ ಬೇಕು, ಪಡಿತರ ಚೀಟಿಗೆ ವಿಳಾಸ ಬೇಕು. ಬಸ್ ನಿಲ್ದಾಣದಲ್ಲಿ ಮಲಗುವವರು ಈ ಸಾಲಿನಲ್ಲಿ ನಿಲ್ಲುವುದೇ ಸಾಧ್ಯವಿರಲಿಲ್ಲ.

ಅವರಿಗಾಗಿ ಇದ್ದ ಕಾನೂನು 1975ರ ಭಿಕ್ಷಾಟನೆ ನಿಷೇಧ ಕಾಯಿದೆ. ಸ್ಥಳೀಯ ಸಂಸ್ಥೆಗಳು ಆಸ್ತಿ ತೆರಿಗೆಯ ಜೊತೆ ಶೇ. 3ರಷ್ಟು ಭಿಕ್ಷುಕರ ಕರ ವಸೂಲು ಮಾಡುತ್ತವೆ, ಆ ಹಣದಲ್ಲಿ ನಿರಾಶ್ರಿತರ ಪರಿಹಾರ ಕೇಂದ್ರಗಳು ನಡೆಯುತ್ತವೆ, ಶಿವಮೊಗ್ಗದಲ್ಲೂ ಒಂದಿದೆ. ಊಟ, ಬಟ್ಟೆ, ವೈದ್ಯೋಪಚಾರ, ಕಸುಬಿನ ತರಬೇತಿ ಕೊಡಬೇಕೆಂದಿದ್ದರೂ ಇದು ಮೂಲತಃ ಹಿಡಿದು ತರುವ ವ್ಯವಸ್ಥೆ. 2010ರ ಆಗಸ್ಟ್‌ನಲ್ಲಿ ಬೆಂಗಳೂರಿನ ಮಾಗಡಿ ರಸ್ತೆಯ ಕೇಂದ್ರದಲ್ಲಿ ಕೆಲವೇ ದಿನಗಳಲ್ಲಿ ಹಲವರು ಸತ್ತ ಸುದ್ದಿ ರಾಜ್ಯವನ್ನೇ ಕಲಕಿತ್ತು.

ಅದೇ ವರ್ಷದ ಜನವರಿಯಲ್ಲಿ, ದೆಹಲಿಯಲ್ಲಿ ತಾತ್ಕಾಲಿಕ ರಾತ್ರಿ ತಂಗುದಾಣವೊಂದನ್ನು ಕೆಡವಿದ ಮೇಲೆ ಚಳಿಗೆ ಜನ ಸತ್ತ ಸಂಗತಿ ಸುಪ್ರೀಂ ಕೋರ್ಟಿನ ಮುಂದೆ ಬಂತು. ಆಹಾರದ ಹಕ್ಕಿನ ಮೊಕದ್ದಮೆಯ ಭಾಗವಾಗಿಯೇ ಕೋರ್ಟು ದೊಡ್ಡ ನಗರಗಳಲ್ಲಿ ವರ್ಷವಿಡೀ ತೆರೆದಿರುವ ತಂಗುದಾಣ ಕಟ್ಟಬೇಕೆಂದು ಹೇಳಿತು. 2013ರ ರಾಷ್ಟ್ರೀಯ ನಗರ ಜೀವನೋಪಾಯ ಅಭಿಯಾನ ಇದನ್ನು ಯೋಜನೆಯಾಗಿ ರೂಪಿಸಿತು: ಲಕ್ಷ ಜನಸಂಖ್ಯೆಗೆ ಒಂದು ಆಶ್ರಯ ಕೇಂದ್ರ, ಒಬ್ಬರಿಗೆ 50 ಚದರ ಅಡಿ. ಈ ಲೆಕ್ಕದಲ್ಲಿ 2011ರ ಜನಗಣತಿಯ ಪ್ರಕಾರ 3.22 ಲಕ್ಷ ಜನರಿದ್ದ ಶಿವಮೊಗ್ಗಕ್ಕೆ ಮೂರು, 1.51 ಲಕ್ಷದ ಭದ್ರಾವತಿಗೆ ಒಂದು ಬೇಕಾಗುತ್ತದೆ.

ಆಶ್ರಯ ಕೇಂದ್ರದ ಕಟ್ಟಡ ಸ್ಥಳೀಯ ಸಂಸ್ಥೆಯದು, ನಡೆಸುವ ಹೊಣೆ ಸಾಮಾನ್ಯವಾಗಿ ಊರಿನ ಒಂದು ಸೇವಾಸಂಸ್ಥೆಯದು. ಕಂಬಳಿ ಹಂಚುವುದು ಫೋಟೋಗೆ ಚೆನ್ನಾಗಿ ಬರುತ್ತದೆ, ಆದರೆ ಆ ಕೆಲಸದ ಸಣ್ಣ ಪಾಲು ಅದು. ಹೊತ್ತು ಮುಳುಗಿದ ಮೇಲೆ ಬಸ್ ನಿಲ್ದಾಣ, ರೈಲ್ವೆ ನಿಲ್ದಾಣ, ಆಸ್ಪತ್ರೆಯ ಆವರಣ ಸುತ್ತಬೇಕು. ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೆ ಪಕ್ಕದ ಜಿಲ್ಲೆಗಳಿಂದಲೂ ರೋಗಿಗಳು ಬರುತ್ತಾರೆ. ಜೊತೆಗೆ ಬಂದವರು ವಾರಗಟ್ಟಲೆ ಹೊರಗೇ ಮಲಗುವಾಗ ಯಾರು ನೆಂಟರು, ಯಾರು ನೆಲೆ ತಪ್ಪಿದವರು ಎಂದು ಮಾತಾಡಿಸಿಯೇ ತಿಳಿಯಬೇಕು. ಕರೆದ ಕೂಡಲೇ ಎಲ್ಲರೂ ಎದ್ದು ಬರುವುದಿಲ್ಲ. ಗಂಟುಮೂಟೆ ಕಳೆದೀತೆಂಬ ಭಯ, ಹಿಡಿದುಕೊಂಡು ಹೋಗುತ್ತಾರೆಂಬ ಹಳೆಯ ನೆನಪು, ಕುಡಿತದ ಚಟ, ಸಾಕಿದ ನಾಯಿಯನ್ನು ಬಿಡಲಾರದ ಸಂಕಟ ಎಲ್ಲ ಇರುತ್ತವೆ. ಬಂದವರ ಹೆಸರು ರಿಜಿಸ್ಟರಿಗೆ ಹತ್ತಿಸಿ, ಗಾಯವಿದ್ದರೆ ತೊಳೆದು, ಊಟ ಕೊಟ್ಟು ಮಲಗಿಸಿದ ಮೇಲೆ ಮಾರನೆಯ ದಿನದಿಂದ ನಿಜವಾದ ಕೆಲಸ ಶುರು: ಊರು ಪತ್ತೆ ಹಚ್ಚುವುದು, ಮನೆಯವರಿಗೆ ಫೋನ್ ಮಾಡುವುದು, ಆಧಾರ್ ಮಾಡಿಸುವುದು, ವೃದ್ಧರಿಗೆ ಸಂಧ್ಯಾ ಸುರಕ್ಷಾ ಪಿಂಚಣಿಗೆ ಅರ್ಜಿ ಹಾಕಿಸುವುದು.

ಬೀದಿಗೆ ಬೀಳುವ ಮೊದಲೇ ತಡೆಯಲು ಎರಡು ಕಾನೂನುಗಳು ಒದಗುತ್ತವೆ. ಮಕ್ಕಳಿಗೆ ಆಸ್ತಿ ಬರೆದುಕೊಟ್ಟು ಮನೆಯಿಂದ ಹೊರಬಿದ್ದ ತಂದೆತಾಯಿ, ನೋಡಿಕೊಳ್ಳಬೇಕೆಂಬ ಷರತ್ತು ಪತ್ರದಲ್ಲಿದ್ದರೆ, 2007ರ ಹಿರಿಯ ನಾಗರಿಕರ ಕಾಯಿದೆಯಡಿ ಉಪವಿಭಾಗಾಧಿಕಾರಿಯ ಮುಂದೆ ಹೋಗಿ ಆ ಪತ್ರವನ್ನು ರದ್ದುಗೊಳಿಸಲು ಕೇಳಬಹುದು. 2017ರ ಮಾನಸಿಕ ಆರೋಗ್ಯ ಕಾಯಿದೆ, ಅಲೆಯುತ್ತಿರುವ ಮನೋರೋಗಿಯನ್ನು ಲಾಕಪ್ಪಿಗಲ್ಲ, ಸರ್ಕಾರಿ ಆಸ್ಪತ್ರೆಗೆ ಕರೆದೊಯ್ಯುವ ಹೊಣೆಯನ್ನು ಪೊಲೀಸರ ಮೇಲೆ ಹಾಕಿದೆ.

ಎಷ್ಟು ಜನ ಎಂಬ ಲೆಕ್ಕ ಮಾತ್ರ ಇವತ್ತಿಗೂ ಸಡಿಲ. 2011ರ ಜನಗಣತಿಯಲ್ಲಿ ವಸತಿಹೀನರನ್ನು ಎಣಿಸಿದ್ದು ಫೆಬ್ರವರಿ 28ರ ಒಂದೇ ರಾತ್ರಿ. ಕರ್ನಾಟಕದಲ್ಲಿ ಸಿಕ್ಕವರು ಸುಮಾರು 77 ಸಾವಿರ. ರಸ್ತೆಬದಿ, ಮೇಲ್ಸೇತುವೆಯಡಿ, ರೈಲ್ವೆ ಪ್ಲಾಟ್‌ಫಾರ್ಮಿನಲ್ಲಿ ಮಲಗುವವರ ಜೊತೆಗೆ ಮಂಟಪಗಳಲ್ಲಿ, ಗುಡಿಯ ಅಂಗಳದಲ್ಲಿ ಮಲಗುವವರೂ ಜನಗಣತಿಯ ಪ್ರಕಾರ ವಸತಿಹೀನರೇ. ಫೆಬ್ರವರಿ ಕೊನೆಯ ಹೊತ್ತಿಗೆ ಚಳಿ ಮುಗಿದಿರುತ್ತದೆ, ಮಳೆ ಶುರುವಾಗಿರುವುದಿಲ್ಲ. 2019ರ ಆಗಸ್ಟ್‌ನಂತೆ ತುಂಗೆ ಉಕ್ಕಿ ಶಿವಮೊಗ್ಗದ ತಗ್ಗಿನ ಬಡಾವಣೆಗಳಿಗೆ ನುಗ್ಗಿದಾಗ ಗಂಜಿ ಕೇಂದ್ರ ಸೇರುವವರು ಈ ಲೆಕ್ಕದೊಳಗೆ ಬರುವುದೇ ಇಲ್ಲ. ಆಶ್ರಯ ಕೇಂದ್ರಗಳ ನಿರ್ವಹಣೆಗೆ ಅಭಿಯಾನದ ನೆರವು ಐದು ವರ್ಷಕ್ಕೆ ಮಾತ್ರ ಇತ್ತು. ಆಮೇಲೆ ಅಡಿಗೆಯವರ ಸಂಬಳ, ನೀರು, ಕರೆಂಟ್ ಬಿಲ್ಲು, ಹೊದಿಕೆ ಒಗೆಸುವ ಖರ್ಚು ಪಾಲಿಕೆ, ನಗರಸಭೆ ಮತ್ತು ಊರಿನ ದಾನಿಗಳ ಮೇಲೆಯೇ ಬೀಳುತ್ತದೆ.